ರಹದಾರಿಯ ಧರ್ಮ

ಮನೆಗೆ ಬಾಗಿಲಿದ್ದ ಮೇಲೆ ಬಂದವರನ್ನು ‘ತಾವಾರು?’ ಎಂದು ಕೇಳುವ ಅಧಿಕಾರ ಮನೆಯೊಡೆಯನಿಗೆ ಇದ್ದೇ ಇದೆ. ದೇಶವನ್ನೂ ಮನೆಯೆಂದು ಭಾವಿಸಿದರೆ ರಹದಾರಿ, ವೀಸಾ, ಗಡಿಯ ನಾಕೆ ಇವೆಲ್ಲವೂ ಆ ಒಂದು ಪ್ರಶ್ನೆಯ ವಿಸ್ತಾರಗಳೇ. ಕೇಳುವುದು ತಪ್ಪಲ್ಲ. ಆದರೆ ಯಾರನ್ನು ಕೇಳಬೇಕು, ಎಷ್ಟು ಕೇಳಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದು ಧರ್ಮದ ವಿಚಾರ. ಗೋವೆಯಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಇದನ್ನು ಯೋಚಿಸದೆ ಇರಲಾರೆವು.

ಇಂದು ಕಾರವಾರದ ಬಸ್ಸು ಮಾಜಾಳಿಯನ್ನು ದಾಟಿ, ಪೋಳೆಂ ಮಾರ್ಗವಾಗಿ ಕಾಣಕೋಣವನ್ನು ಸೇರುವಾಗ ಮದ್ಯದ ತಪಾಸಣೆ ನಡೆದೀತು. ರಹದಾರಿಯನ್ನು ಯಾರೂ ಕೇಳರು. 1961ರ ಡಿಸೆಂಬರ್ 19ರಂದು ಪೋರ್ಚುಗೀಸರ ಆಳ್ವಿಕೆ ಕೊನೆಗೊಳ್ಳುವ ತನಕ ಇದೇ ದಾರಿ ಪರದೇಶದ ದಾರಿಯಾಗಿತ್ತು. 1955ರ ಆಗಸ್ಟ್ 15ರಂದು ನಿರಾಯುಧರಾಗಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಆ ಬಳಿಕ ಭಾರತ ಸರ್ಕಾರವು ಗಡಿಯನ್ನು ಮುಚ್ಚಿತು. ಕ್ಯಾಸಲ್‌ರಾಕಿನಿಂದ ಮರ್ಮಗೋವೆಗೆ ಇಳಿಯುತ್ತಿದ್ದ ರೈಲೂ ನಿಂತಿತು. ದಬ್ಬಾಳಿಕೆಗೆ ಉತ್ತರವಾಗಿ ಆ ಕ್ರಮ ಅವಶ್ಯವಾಗಿತ್ತೆಂದು ಒಪ್ಪೋಣ. ಆದರೂ ಅದರ ಭಾರವು ಲಿಸ್ಬನ್ನಿನ ಮೇಲಷ್ಟೇ ಬೀಳಲಿಲ್ಲ. ಕರಾವಳಿಯ ಸಾರಸ್ವತ ಮನೆತನಗಳ ಕುಲದೇವತೆಗಳು ಮಂಗೇಶಿ, ಕವಳೆ, ಮಾರ್ದೊಳಗಳಲ್ಲಿವೆ. ಹರಕೆ ಹೊತ್ತವನಿಗೂ, ಗಡಿಯಾಚೆ ಕೊಟ್ಟ ಮಗಳ ಬಾಣಂತನಕ್ಕೆ ಹೊರಟ ತಾಯಿಗೂ, ಕಳ್ಳಸಾಗಣೆಯವನಿಗೂ ಗೋಡೆ ಒಂದೇ ಆಯಿತು. ನಿಯಮಕ್ಕೆ ಕಣ್ಣಿರುವುದಿಲ್ಲ, ಅದನ್ನು ನಡೆಸುವವನಿಗೆ ಕಣ್ಣಿರಬೇಕು.

ಜರ್ಮನಿಯ ತತ್ತ್ವಜ್ಞಾನಿ ಕಾಂಟನು 1795ರಲ್ಲಿ ಶಾಶ್ವತ ಶಾಂತಿಯನ್ನು ಕುರಿತು ಬರೆಯುತ್ತ ಈ ಪ್ರಶ್ನೆಯನ್ನೇ ಎತ್ತಿಕೊಂಡನು. ಭೂಮಿ ಗುಂಡಗಿದೆ, ಅದರ ಮೇಲ್ಮೈಗೆ ಮಿತಿಯಿದೆ. ಮನುಷ್ಯರು ಎಷ್ಟೇ ಚದುರಿದರೂ ಒಬ್ಬರನ್ನೊಬ್ಬರು ಸಂಧಿಸಲೇಬೇಕು. ಆದುದರಿಂದ ಶಾಂತನಾಗಿ ಬಂದವನನ್ನು ಹಗೆಯಂತೆ ಕಾಣಕೂಡದು; ಅವನಿಗೆ ಸಂದರ್ಶನದ ಹಕ್ಕುಂಟು, ನೆಲೆಸುವ ಹಕ್ಕು ತಾನಾಗಿಯೇ ಬರುವುದಿಲ್ಲ ಎಂಬುದು ಅವನ ನಿಲುವು. ಇಲ್ಲಿ ಅಳೆಯಬೇಕಾದದ್ದು ಬಂದವನ ನಡತೆಯನ್ನು, ಅವನ ಹಣದ ಚೀಲವನ್ನಲ್ಲ.

ಲೋಕದ ವ್ಯವಹಾರವಾದರೋ ಚೀಲವನ್ನೇ ಮೊದಲು ನೋಡುತ್ತದೆ. 2014ರ ನವೆಂಬರಿನಲ್ಲಿ ವಿದೇಶೀ ಪ್ರವಾಸಿಗರಿಗೆ ಮನೆಯಿಂದಲೇ ಅರ್ಜಿ ಹಾಕಿ ವೀಸಾ ಪಡೆಯುವ ಸೌಲಭ್ಯ ದೊರೆತಾಗ, ಅದು ಜಾರಿಗೆ ಬಂದ ಮೊದಲ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಗೋವೆಯದೂ ಒಂದು. ಇದು ಸಂತೋಷದ ಸಂಗತಿಯೇ. ಅತಿಥಿಗೆ ಬಾಗಿಲು ಸುಲಭವಾಗಿ ತೆರೆಯಬೇಕು. ಆದರೆ ವಿಜಯಪುರ, ಬಾಗಲಕೋಟೆ, ಗದಗಗಳಿಂದ ಗಾರೆಯ ಬುಟ್ಟಿ ಹೊರಲು ಬಂದವನ ಸ್ಥಿತಿಯೇನು? ದೇಶದಲ್ಲಿ ಎಲ್ಲಿಗಾದರೂ ಹೋಗುವ, ನೆಲೆಸುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೆಯ ವಿಧಿ ಅವನಿಗೆ ಕೊಟ್ಟಿದೆ. ಕಾನೂನು ಕೇಳದ ರಹದಾರಿಯನ್ನು ಬೀದಿಯು ಕೇಳುತ್ತದೆ. ‘ಘಾಟಿ’ ಎಂಬ ಒಂದೇ ಮಾತು ಅವನನ್ನು ಮತ್ತೆ ಘಟ್ಟದಾಚೆ ನಿಲ್ಲಿಸಿಬಿಡುತ್ತದೆ.

ಗೋವೆಯವರ ಅಳುಕೂ ಸುಳ್ಳಲ್ಲ. 3,702 ಚದರ ಕಿಲೋಮೀಟರಿನ ಚಿಕ್ಕ ನಾಡು ತನ್ನ ನೆಲ, ನೀರು, ನುಡಿಗಳ ವಿಷಯದಲ್ಲಿ ಎಚ್ಚರವಾಗಿರುವುದು ನ್ಯಾಯ. ಕೊಂಕಣಿಯನ್ನು ಕಲಿತು ಗೌರವಿಸುವುದು ಇಲ್ಲಿ ಅನ್ನ ಕಂಡ ನಮ್ಮ ಕರ್ತವ್ಯ. ಅಂತೆಯೇ, ಬೆಂಗಳೂರಿಗೆ ದುಡಿಯಲು ಬರುವ ಬಿಹಾರದ, ಒಡಿಶಾದ ಕೂಲಿಯವನನ್ನು ಕನ್ನಡನಾಡು ಯಾವ ಕಣ್ಣಿನಿಂದ ನೋಡುತ್ತಿದೆಯೆಂಬುದನ್ನೂ ನಾವು ಕೇಳಿಕೊಳ್ಳಬೇಕು. ಇಲ್ಲಿ ಬೇಡುವ ನ್ಯಾಯವನ್ನು ಅಲ್ಲಿ ಕೊಡದಿದ್ದರೆ ಅದು ನ್ಯಾಯವಲ್ಲ, ಬರಿಯ ಸ್ವಾರ್ಥ.

ಗಡಿಗಳು ಇರಲಿ, ನಿಯಮಗಳೂ ಇರಲಿ. ಅವನ್ನು ಬರೆಯುವವನು ತಾನೂ ಒಮ್ಮೆ ಆ ಸಾಲಿನಲ್ಲಿ ನಿಂತಂತೆ ಭಾವಿಸಿ ಬರೆಯಲಿ. ಹೊಸಿಲಲ್ಲಿ ಒಮ್ಮೆ ಕೇಳಬೇಕಾದ ಪ್ರಶ್ನೆಯನ್ನು, ಒಳಗೆ ಬಂದು ಬೆವರು ಸುರಿಸಿದವನಿಗೆ ದಿನವೂ ಕೇಳುವುದು ಮನೆಯೊಡೆಯನ ಅಧಿಕಾರವಲ್ಲ.