ಪ್ರಯತ್ನ ಸಡಿಲವಾದ ಮೇಲೆ

ಹುಲಿಯೂರುದುರ್ಗದಿಂದ ಎಡೆಯೂರಿಗೆ ಹೋಗಿಬರುವ ಭಕ್ತರಿಗೆ ಅಲ್ಲೇ ಹತ್ತಿರದ ಕಗ್ಗೆರೆಯ ಕಥೆ ಹೊಸದೇನಲ್ಲ. ನಾಗಿನಿ ನದಿಯ ದಂಡೆಯ ತೋಟದಲ್ಲಿ ಸಿದ್ಧಲಿಂಗ ಯತಿಗಳು ತಪಸ್ಸಿಗೆ ಕೂತರು, ಮೈಸುತ್ತ ಹುತ್ತ ಬೆಳೆಯಿತು, ಹಸುವೊಂದು ದಿನವೂ ಬಂದು ಹುತ್ತಕ್ಕೆ ಹಾಲು ಕರೆಯುತ್ತಿತ್ತು. ತೋಟದಲ್ಲಿ ಕೂತದ್ದಕ್ಕೇ ಅವರು ತೋಂಟದ ಸಿದ್ಧಲಿಂಗರಾದರು. ಅವರದು ಶರಣ ಪರಂಪರೆಯ ಷಟ್‌ಸ್ಥಲದ ಶಿವಯೋಗ. ಅದನ್ನು ಪತಂಜಲಿಯ ಯೋಗದ ಜೊತೆ ಒಂದೇ ಗಂಟಿಗೆ ಕಟ್ಟುವಂತಿಲ್ಲ. ಆದರೆ ಕಥೆ ಎತ್ತುವ ಪ್ರಶ್ನೆ ಎರಡಕ್ಕೂ ಸಲ್ಲುತ್ತದೆ. ಅಷ್ಟು ಹೊತ್ತು ಅಲುಗಾಡದೆ ಕೂರುವವನು ಮೈಯನ್ನು ಬಿಗಿಹಿಡಿದಿರುತ್ತಾನೋ, ಬಿಟ್ಟುಕೊಟ್ಟಿರುತ್ತಾನೋ?

ಆಸನದ ಬಗೆಗೆ ಪತಂಜಲಿ ಹೇಳಿದ್ದು ಮೂರೇ ಸೂತ್ರ. ಆಸನ ಸ್ಥಿರವೂ ಸುಖವೂ ಆಗಿರಬೇಕು. ಪ್ರಯತ್ನ ಸಡಿಲಗೊಂಡು ಮನಸ್ಸು ಅನಂತದಲ್ಲಿ ನೆಲೆಸಿದಾಗ ಅದು ಸಿದ್ಧಿಸುತ್ತದೆ. ಸಿದ್ಧಿಸಿದವನನ್ನು ಚಳಿ-ಸೆಕೆಯಂಥ ದ್ವಂದ್ವಗಳು ಕಾಡವು. ಈ ‘ಪ್ರಯತ್ನ ಶೈಥಿಲ್ಯ’ವನ್ನು ಸೋಮಾರಿತನ ಎಂದು ಓದುವವರಿದ್ದಾರೆ. ಅದು ಸರಿಯಲ್ಲ. ಸಡಿಲಿಸಲು ಮೊದಲು ಪ್ರಯತ್ನ ಇರಲೇಬೇಕು. ಮುಂದಕ್ಕೆ ಬಾಗಿ ಕಾಲ್ಬೆರಳು ಹಿಡಿಯಹೊರಟವನು ಹಲ್ಲು ಕಚ್ಚುತ್ತಾನೆ, ಭುಜ ಕಿವಿಗೇರಿಸುತ್ತಾನೆ, ಉಸಿರು ಕಟ್ಟುತ್ತಾನೆ. ಮೂರರಿಂದಲೂ ಬೆನ್ನು ಒಂದಿಂಚೂ ಹೆಚ್ಚು ಬಾಗುವುದಿಲ್ಲ. ಅವಸರದಲ್ಲಿ ಇದು ಗೊತ್ತೇ ಆಗುವುದಿಲ್ಲ. ನಿಧಾನಿಸಿದರೆ ತಾನೇ ತಿಳಿಯುತ್ತದೆ. ತಿಳಿದದ್ದನ್ನು ಒಂದೊಂದಾಗಿ ಕೈಬಿಡುವುದೇ ಸಾಧನೆ.

ದೇಹದ ಒಳಗಿನ ಲೆಕ್ಕವೂ ಹಾಗೇ ಇದೆ. ಸ್ನಾಯುವನ್ನು ಥಟ್ಟನೆ ಎಳೆದರೆ ಅದರೊಳಗಿನ ಸಂವೇದಕಗಳು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ, ಸ್ನಾಯು ರಕ್ಷಣೆಗಾಗಿ ಮತ್ತಷ್ಟು ಬಿಗಿಯುತ್ತದೆ. ಮೆಲ್ಲಗೆ ಎಳೆದು ಹಾಗೇ ನಿಂತರೆ ಆ ಪ್ರತಿರೋಧ ಇಳಿಯುತ್ತದೆ.

ನಿಧಾನ ಎಂದರೆ ಒಂದೇ ಬಗೆಯೂ ಅಲ್ಲ. ಮೈಸೂರಿನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲೇ ಬರೆದರು. ಅವರ ಶಿಷ್ಯರಲ್ಲಿ ಹಾಸನದ ಕಡೆಯ ಪಟ್ಟಾಭಿ ಜೋಯಿಸರು ಉಸಿರಿನ ಜೊತೆಗೆ ಒಂದರಿಂದ ಇನ್ನೊಂದಕ್ಕೆ ಹರಿಯುವ ಆಸನಗಳ ದಾರಿ ಹಿಡಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಬಾಲ್ಯವನ್ನೆಲ್ಲ ಕಾಯಿಲೆಯಲ್ಲೇ ಕಳೆದ ಬಿ.ಕೆ.ಎಸ್. ಅಯ್ಯಂಗಾರರು ಒಂದೇ ಆಸನದಲ್ಲಿ ನಿಮಿಷಗಟ್ಟಲೆ ನಿಲ್ಲಿಸಿದರು. ಮೈ ಬಾಗದವರಿಗೆ ಕುರ್ಚಿ, ಪಟ್ಟಿ, ಮರದ ತುಂಡು ಕೊಟ್ಟರು. ಸುಖ ಎಂಬ ಷರತ್ತನ್ನು ಅಯ್ಯಂಗಾರರಷ್ಟು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ.

ಮನಸ್ಸಿನ ಮಾತು ಉಸಿರಿನಿಂದ ಶುರುವಾಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರ ಉಸಿರು ನಿಮಿಷಕ್ಕೆ ಸುಮಾರು 12ರಿಂದ 20. ಇಟಲಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕ್ರೈಸ್ತರ ಜಪಮಾಲೆಯ ಪ್ರಾರ್ಥನೆ ಮತ್ತು ಬೌದ್ಧ ಮಂತ್ರ ಎರಡೂ ಉಸಿರನ್ನು ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಸಿದವು. ರಕ್ತದೊತ್ತಡವನ್ನು ಹದದಲ್ಲಿಡುವ ನರವ್ಯವಸ್ಥೆ ಹೆಚ್ಚು ಚುರುಕಾಯಿತು. ದೇವರು ಬೇರೆ, ಉಸಿರಿನ ಲಯ ಒಂದೇ!

ಇನ್ನೂ ಕುತೂಹಲದ್ದು ಬೆಂಗಳೂರಿನ ಹೊರವಲಯದ ಜಿಗಣಿಯ ಯೋಗ ಕೇಂದ್ರ ಪ್ರಶಾಂತಿ ಕುಟೀರದ ‘ಆವರ್ತನ ಧ್ಯಾನ’. ಜಡವಾದ ಮನಸ್ಸನ್ನು ಎಚ್ಚರಿಸು, ಚದುರಿದ್ದನ್ನು ಶಾಂತಗೊಳಿಸು ಎಂಬ ಅದ್ವೈತದ ಆಚಾರ್ಯ ಗೌಡಪಾದರ ವಿಚಾರವೇ ಇದಕ್ಕೆ ತಳಹದಿ: ಕಣ್ಣುಮುಚ್ಚಿ ಬಹಳ ನಿಧಾನವಾಗಿ ಆಸನ, ನಡುನಡುವೆ ವಿಶ್ರಾಂತಿ. 2000ದಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ 40 ಪುರುಷರು ಭಾಗವಹಿಸಿದ್ದರು. ಅಭ್ಯಾಸದ ನಂತರ ಅವರ ದೇಹ ಬಳಸುವ ಆಮ್ಲಜನಕ ಶೇ 32.1ರಷ್ಟು ಇಳಿದಿತ್ತು. ಬರೀ ಶವಾಸನದ ನಂತರ ಇಳಿದದ್ದು ಶೇ 10.1. ಮೊದಲು ಮೈಯನ್ನು ಸ್ವಲ್ಪ ದುಡಿಸಿ ಬಿಟ್ಟರೇ ವಿಶ್ರಾಂತಿ ಆಳಕ್ಕಿಳಿಯುತ್ತದೆ ಎಂದಾಯಿತು. ಆದರೆ ಇದು ಅಭ್ಯಾಸ ಮುಗಿದ ಕೂಡಲೇ ಅಳೆದದ್ದು. ವರ್ಷಗಟ್ಟಲೆಯ ಫಲಕ್ಕೆ ಇದೊಂದೇ ಸಾಕ್ಷಿಯಾಗದು.

ಕುಣಿಗಲ್, ಗುಬ್ಬಿಗಳ ಜನ ಯೋಗ ಕಲಿಯಲು ಜಿಗಣಿಗೇ ಹೋಗಬೇಕಿಲ್ಲ. 1980ರಲ್ಲಿ ತುಮಕೂರಿನಲ್ಲಿ ಶುರುವಾದ ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿ ನಸುಕಿನಲ್ಲೇ ಉಚಿತ ತರಗತಿ ನಡೆಸುವ ಪದ್ಧತಿಯನ್ನು ರಾಜ್ಯದುದ್ದಕ್ಕೂ ಹಬ್ಬಿಸಿದೆ. ಒಂದು ಎಚ್ಚರಿಕೆ ಮಾತ್ರ ಬೇಕು: ನಿಧಾನ ಎಂದಾಕ್ಷಣ ಎಲ್ಲವೂ ನಿರಪಾಯವಲ್ಲ. ಬಿಪಿ ಹೆಚ್ಚಿರುವವರು, ಗ್ಲಾಕೋಮಾ ಇರುವವರು ಶೀರ್ಷಾಸನದಲ್ಲಿ ಎಷ್ಟು ಮೆಲ್ಲಗೆ ನಿಂತರೂ ಅಪಾಯವೇ. ಅವರು ಮೊದಲು ವೈದ್ಯರನ್ನು ಕೇಳಬೇಕು.