ಕೆಟ್ಟುದನ್ನು ಅರಿಯುವ ಹಕ್ಕು

ಒಂದು ವಸ್ತುವನ್ನು ಹಣ ಕೊಟ್ಟು ಕೊಂಡವನು ಅದರ ಒಡೆಯನಾಗುತ್ತಾನೆ. ಆದರೆ ಅದು ಕೆಟ್ಟಾಗ, ಎಲ್ಲಿ ಕೆಟ್ಟಿದೆಯೆಂದು ಅರಿಯುವ ಹಕ್ಕು ಆ ಒಡೆತನದಲ್ಲಿ ಸೇರಿದೆಯೇ? ವಾಚಕರು ಈ ಪ್ರಶ್ನೆಯನ್ನು ಸಾವಧಾನವಾಗಿ ವಿಚಾರಿಸಬೇಕು.

ಬೆಂಗಳೂರಿನ ವಿಮಾನಪುರವನ್ನು ನೀವು ಬಲ್ಲಿರಿ. 1940ರಲ್ಲಿ ಅಲ್ಲಿ ಸ್ಥಾಪನೆಯಾದ ವಿಮಾನ ಕಾರ್ಖಾನೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಪರದೇಶದವರು ಕಟ್ಟಿದ ವಿಮಾನಗಳನ್ನು ದುರಸ್ತಿ ಮಾಡಿ ಕೊಟ್ಟಿತು. ಕಟ್ಟುವವನೊಬ್ಬ, ಸರಿಪಡಿಸುವವನು ಮತ್ತೊಬ್ಬ, ಇದು ಲೋಕರೂಢಿ.

ಈಗ ಅದೇ ವಿಮಾನಪುರದ ಬೀದಿಯೊಂದರಲ್ಲಿ ಒಂದು ಸಣ್ಣ ಗ್ಯಾರೇಜನ್ನು ಭಾವಿಸಿಕೊಳ್ಳಿ. ಹಿಂದೆ ಮೆಕ್ಯಾನಿಕ್ಕನು ಎಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳುತ್ತಿದ್ದನು. ಇಂದಿನ ಕಾರು ತನ್ನ ದೋಷವನ್ನು ಒಳಗಿನ ಗಣಕದಲ್ಲಿ ಸಂಕೇತವಾಗಿ ಬರೆದಿಡುತ್ತದೆ. ಸಾಮಾನ್ಯ ಸಂಕೇತಗಳನ್ನು ಪೇಟೆಯಲ್ಲಿ ಸಿಗುವ ಸ್ಕ್ಯಾನರು ಓದೀತು. ಹೊಸ ಕೀಲಿಕೈಯನ್ನು ಹೊಂದಿಸಲು, ಬದಲಿಸಿದ ಗಣಕವನ್ನು ಕೂಡಿಸಲು ಹಲವು ವೇಳೆ ತಯಾರಕರ ಸಾಫ್ಟ್‌ವೇರೇ ಬೇಕು. ಅದು ದೊರೆಯದಿದ್ದರೆ ಎಷ್ಟು ವರ್ಷದ ಅನುಭವವಿದ್ದರೂ ಕೈಕಟ್ಟಿ ನಿಲ್ಲಬೇಕು.

ಈ ವ್ಯಾಜ್ಯವು ನಮ್ಮ ದೇಶದಲ್ಲಿ ನಡೆದಿದೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಸಾಧನಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ದೊರಕಿಸಬೇಕು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದೆನ್ನಬಾರದು ಎಂದು ಆಜ್ಞಾಪಿಸಿತು. ಬೌದ್ಧಿಕ ಸ್ವಾಮ್ಯವಿರುವ ಭಾಗಗಳಿಗೆ ಶುಲ್ಕ ಪಡೆಯಲು ಅವಕಾಶವನ್ನೂ ಇಟ್ಟಿತು. ಮೇಲ್ಮನವಿಗಳು ಬಂದವು. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಮೂರು ಕಂಪನಿಗಳ ವಿಷಯದಲ್ಲಿ ತಪ್ಪನ್ನು ಎತ್ತಿಹಿಡಿದು, ದಂಡವನ್ನು ಮಾತ್ರ ಇಳಿಸಿತು.

ಕಂಪನಿಗಳ ವಾದವನ್ನೂ ಕೇಳಬೇಕು. 'ಶ್ರಮಪಟ್ಟು ರೂಪಿಸಿದ ವಿದ್ಯೆ ನಮ್ಮದು. ತಿಳಿಯದವರು ಕೈಯಿಟ್ಟರೆ ಜೀವಕ್ಕೆ ಅಪಾಯ' ಎನ್ನುತ್ತಾರೆ. ಮೊದಲನೆಯದಕ್ಕೆ ನ್ಯಾಯವಾದ ಬೆಲೆ ಪಡೆಯಲಿ. ಆದರೆ ಕಾರನ್ನು ಕಟ್ಟುವ ವಿದ್ಯೆ ಬೇರೆ, ಕೆಟ್ಟ ಕಾರಿನ ರೋಗವನ್ನು ಅರಿಯುವುದು ಬೇರೆ. ವಿದ್ಯೆ ಕಂಪನಿಯದಾದರೂ ರೋಗ ಕೊಂಡವನದು. ಎರಡನೆಯ ಮಾತಿನಲ್ಲಿಯೂ ಸತ್ಯಾಂಶವಿದೆ. ಬ್ರೇಕಿನ ವಿಷಯದಲ್ಲಿ ಅರೆತಿಳಿವು ಸಲ್ಲದು. ಅದಕ್ಕೆ ಪರಿಹಾರ ಕಲಿಸುವುದೇ ಹೊರತು ಮುಚ್ಚಿಡುವುದಲ್ಲ. ಒಬ್ಬನನ್ನು ಅರಿಯದವನಾಗಿಯೇ ಇರಿಸಿ, ಅರಿಯದವನೆಂದು ದೂರುವುದು ಧರ್ಮವಲ್ಲ.

ಹಕ್ಕಿನೊಡನೆ ಹೊಣೆಯೂ ಬರುತ್ತದೆ. ಸಾಧನವನ್ನು ಪಡೆದ ಮೆಕ್ಯಾನಿಕ್ಕನು ಕಂಡ ದೋಷವನ್ನು ಇದ್ದಂತೆ ಹೇಳಬೇಕು. ಕೆಡದ ಭಾಗವನ್ನು ಕೆಟ್ಟಿದೆಯೆನ್ನಬಾರದು. ಇಲ್ಲವಾದರೆ ಗುಟ್ಟು ದೊಡ್ಡವರ ಕೈಯಿಂದ ಚಿಕ್ಕವರ ಕೈಗೆ ಹೋದಂತಾಗುವುದೇ ವಿನಾ, ಕೊಂಡವನಿಗೆ ಬೆಳಕು ದೊರೆತಂತಾಗದು.