ಕರ್ತೃದೋಷ

ಮಾಡಿದ ಕೆಲಸವು ಫಲಿಸದೆ ಹೋದಾಗ ಮನುಷ್ಯನ ದೃಷ್ಟಿಯು ಮೊದಲು ಹರಿಯುವುದು ತನ್ನ ಕೈಯ ಕಡೆಗಲ್ಲ. ಕೈಯೊಳಗಣ ವಸ್ತುವಿನ ಕಡೆಗೆ. ಹುಳಿ ಕೆಟ್ಟರೆ ಬೇಳೆ ಹಳೆಯದು. ಅಂಗಿ ಬಿಗಿಯಾದರೆ ಬಟ್ಟೆ ಕುಗ್ಗಿತು. ಬಾಲಕನಿಗೆ ಸಂಧಿಪ್ರಕರಣವು ಹತ್ತದಿದ್ದರೆ ಬಾಲಕನು ಮಂದಮತಿ. ಹೀಗೆ ಹೇಳುವವರೆಲ್ಲರೂ ಸುಳ್ಳುಗಾರರಲ್ಲ. ಬಹುಮಂದಿ ತಾವು ಹೇಳಿದುದನ್ನು ಮನಸಾರ ನಂಬಿರುತ್ತಾರೆ. ಆ ನಂಬಿಕೆಯು ಎಲ್ಲಿಯವರೆಗೆ ಕ್ಷಮ್ಯ, ಎಲ್ಲಿಂದ ಮುಂದೆ ಅಕ್ಷಮ್ಯ ಎಂಬುದು ವಿಚಾರಿಸತಕ್ಕ ವಿಷಯ.

ನ್ಯಾಯಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಒಂದು ಪೂರ್ವಪಕ್ಷವಿದೆ. ಪುತ್ರಕಾಮೇಷ್ಟಿಯನ್ನು ಮಾಡಿದರೂ ಕೆಲವರಿಗೆ ಪುತ್ರನು ಹುಟ್ಟುವುದಿಲ್ಲ. ಆದುದರಿಂದ ಅದನ್ನು ವಿಧಿಸಿದ ವೇದವಾಕ್ಯವು ಸುಳ್ಳೆಂದು ಪ್ರತಿವಾದಿಯ ಆಕ್ಷೇಪ. ವಾಕ್ಯವು ಸುಳ್ಳಲ್ಲ, ಕರ್ಮ, ಕರ್ತೃ, ಸಾಧನ ಈ ಮೂರರಲ್ಲಿ ಯಾವುದೋ ಒಂದರ ವೈಗುಣ್ಯದಿಂದ ಫಲವು ತಪ್ಪಿತೆಂದು ಗೌತಮನ ಸಮಾಧಾನ. ಭಾಷ್ಯಕಾರನಾದ ವಾತ್ಸ್ಯಾಯನನು ಇದನ್ನು ಬಿಡಿಸುವಾಗ ಕರ್ತೃವೈಗುಣ್ಯದಲ್ಲಿ ದುರಾಚಾರವನ್ನು ಮಾತ್ರವಲ್ಲದೆ ಅಜ್ಞಾನವನ್ನೂ ಸೇರಿಸಿದ್ದಾನೆ. ಮಾಡುವವನು ಸಜ್ಜನನೇ ಇರಬಹುದು. ಮಾಡುವ ಬಗೆಯನ್ನರಿಯದಿದ್ದರೆ ಅವನೇ ಆ ಕರ್ಮದ ಕೊರತೆ. ಈ ಸಮಾಧಾನದಿಂದ ವೇದದ ಪ್ರಾಮಾಣ್ಯವು ಸಿದ್ಧಿಸಿತೋ ಇಲ್ಲವೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡಬಹುದು. ವಿಭಾಗವಾದರೋ ಲೋಕವ್ಯವಹಾರಕ್ಕೆಲ್ಲ ಸಲ್ಲುವಂಥದು. ಅದನ್ನು ಪರೀಕ್ಷಿಸಲು ಯಜ್ಞಶಾಲೆಗಿಂತಲೂ ಮೋಟಾರು ರಿಪೇರಿಯ ಶೆಡ್ಡು ಅನುಕೂಲವಾದ ಸ್ಥಳ. ಅಲ್ಲಿ ಫಲಕ್ಕಾಗಿ ಬಹುಕಾಲ ಕಾಯಬೇಕಾಗಿಲ್ಲ. ಮರುದಿನ ಬೆಳಿಗ್ಗೆ ಗಾಡಿಯ ಕೆಳಗಿನ ನೆಲವನ್ನು ನೋಡಿದರೆ ತಿಳಿಯುತ್ತದೆ.

1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಡರ್ ಕಾರನ್ನು ತಿಳಿಯದ ಮನೆಯಿಲ್ಲ. ಬಹುಕಾಲ ಅದಕ್ಕೆ ಕೂಡಿಸುತ್ತಿದ್ದ ಪೆಟ್ರೋಲ್ ಎಂಜಿನ್ನು 1489 ಘನ ಸೆಂಟಿಮೀಟರಿನದು. ಇಂಗ್ಲೆಂಡಿನ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ವಂಶದ್ದು. ಎಂಜಿನ್ನಿನ ಅಡಿಯಲ್ಲಿ ಎಣ್ಣೆಯನ್ನು ಹಿಡಿದಿಡುವ ಉಕ್ಕಿನ ತಗಡಿನ ತೊಟ್ಟಿಯೊಂದಿದೆ. ತೊಟ್ಟಿಯ ಅಂಚಿಗೂ ಎಂಜಿನ್ನಿಗೂ ನಡುವೆ ಕಾರ್ಕಿನ ಪಟ್ಟಿ. ಗ್ಯಾಸ್ಕೆಟ್ಟೆಂದು ಪುಸ್ತಕದಲ್ಲಿ, ಪ್ಯಾಕಿಂಗೆಂದು ಮೇಸ್ತ್ರಿಗಳ ಬಾಯಲ್ಲಿ. ಕಾರ್ಕು ಪೋರ್ಚುಗಲ್, ಸ್ಪೇನ್ ಮೊದಲಾದ ದೇಶಗಳಲ್ಲಿ ಬೆಳೆಯುವ ಒಂದು ಜಾತಿಯ ಓಕ್ ಮರದ ತೊಗಟೆ. ಸುಮಾರು ಒಂಬತ್ತು ವರ್ಷಗಳಿಗೊಮ್ಮೆ ಅದನ್ನು ಸುಲಿಯುತ್ತಾರೆ. ಮರವು ಸಾಯದೆ ಮತ್ತೆ ತೊಗಟೆ ಕಟ್ಟುತ್ತದೆ. ಅದರ ಕಣಗಳಲ್ಲಿ ಗಾಳಿ ತುಂಬಿರುವುದರಿಂದ ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಉಬ್ಬುತ್ತದೆ. ಎರಡು ಲೋಹಗಳ ನಡುವಣ ಏರುಪೇರನ್ನು ತುಂಬುವುದು ಈ ಗುಣವೇ. ವರ್ಷಗಟ್ಟಲೆ ಕಾವಿನಲ್ಲಿ ಬೆಂದು ಅದು ಗಡುಸಾದಮೇಲೆ ಎಣ್ಣೆ ತೊಟ್ಟಿಕ್ಕಲಾರಂಭಿಸುತ್ತದೆ.

ಪ್ಯಾಕಿಂಗು ಬದಲಾಯಿಸುವ ಕೆಲಸವು ನೋಡುವುದಕ್ಕೆ ಸುಲಭ. ಗಾಡಿಯನ್ನೆತ್ತಿ ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಿ, ಎಣ್ಣೆ ಬಸಿದು, ಬೋಲ್ಟುಗಳನ್ನು ಬಿಚ್ಚಿ, ತೊಟ್ಟಿಯನ್ನಿಳಿಸಿ, ಹಳೆಯದನ್ನು ಕೆರೆದು ಹೊಸದನ್ನು ಕೂಡಿಸುವುದು, ಇಷ್ಟೆ. ಆದರೆ ಗೌತಮನ ಮೂರು ವೈಗುಣ್ಯಗಳೂ ಇಲ್ಲಿ ಕಾದುಕೊಂಡಿವೆ.

ಕರ್ಮದ ಕೊರತೆಯೆಂದರೆ, ಮಾಡಬೇಕಾದುದನ್ನು ಬಿಟ್ಟು ಬೇರೆಯದನ್ನು ಮಾಡುವುದು. ಎಣ್ಣೆಯು ತೊಟ್ಟಿಯ ಅಂಚಿನಲ್ಲಿ ಹನಿಯುತ್ತಿದ್ದರೂ ಅದರ ಮೂಲವು ಅಲ್ಲೇ ಇರಬೇಕೆಂಬ ನಿಯಮವಿಲ್ಲ. ಮೇಲಿನ ಮುಚ್ಚಳದಿಂದಲೋ ಪಕ್ಕದ ಮುಚ್ಚಳಗಳಿಂದಲೋ ಜಿನುಗಿದ ಎಣ್ಣೆಯು ಗೋಡೆಯಿಳಿದು, ಓಡುವಾಗಿನ ಗಾಳಿಗೆ ಹಿಂದೆ ಸರಿದು, ತೊಟ್ಟಿಯ ಅಂಚನ್ನು ಸೇರಬಹುದು. ಎಂಜಿನ್ನನ್ನು ಒರೆಸಿ, ಸ್ವಲ್ಪ ದೂರ ಓಡಿಸಿ, ಮೇಲಿನಿಂದ ನೋಡಿಕೊಂಡು ಬಾರದವನು ನಿರಪರಾಧಿಯಾದ ಪ್ಯಾಕಿಂಗನ್ನು ಕಿತ್ತುಹಾಕುತ್ತಾನೆ. ಸಾಧನದ ಕೊರತೆಯೂ ಉಂಟು. ಅಂಗಡಿಯಲ್ಲಿ ಬಹುದಿನ ಬಿದ್ದಿದ್ದ ಕಾರ್ಕು ಒಣಗಿ ಕುಗ್ಗುತ್ತದೆ. ಅದರ ತೂತುಗಳು ಬೋಲ್ಟಿನ ತೂತುಗಳಿಗೆ ಹೊಂದುವುದಿಲ್ಲ. ಬಲ್ಲವನು ಅದನ್ನು ಕೆಲಹೊತ್ತು ನೀರಿನಲ್ಲಿ ನೆನೆಸಿಡುತ್ತಾನೆ. ಮೊದಲಿನ ಅಳತೆಗೆ ಬರುತ್ತದೆ. ಸಂಸ್ಕಾರವಿಲ್ಲದ ಹವಿಸ್ಸು ಸಾಧನವೈಗುಣ್ಯವೆಂದು ಭಾಷ್ಯಕಾರನು ಹೇಳಿದ್ದು ಇಲ್ಲಿಗೂ ಒಪ್ಪುತ್ತದೆ.

ಮೂರನೆಯದೇ ಕಠಿಣವಾದುದು. ಒಬ್ಬ ಮೇಸ್ತ್ರಿಯನ್ನು ಭಾವಿಸಬಹುದು. ಅವನು ಕಳ್ಳನಲ್ಲ, ಸೋಮಾರಿಯಲ್ಲ. ಬಾಡಿಗೆ ಗಾಡಿಯವನೊಬ್ಬನ ಅಂಬಾಸಡರಿಗೆ ಹೊಸ ಪ್ಯಾಕಿಂಗು ಹಾಕಿ, ಎಣ್ಣೆ ಮತ್ತೆ ಸೋರಬಾರದೆಂಬ ಕಳಕಳಿಯಿಂದ ಪ್ರತಿಯೊಂದು ಬೋಲ್ಟನ್ನೂ ಮೈಯ ಬಲವನ್ನೆಲ್ಲ ಹಾಕಿ ಬಿಗಿದನು. ವಾರದೊಳಗೆ ಸೋರಿತು. ಪ್ಯಾಕಿಂಗು ಕಳಪೆಯೆಂದನು, ಹಾಗೆಯೇ ನಂಬಿದನು. ಎರಡನೆಯ ಸಲ ಬೇರೊಂದನ್ನು ತರಿಸಿ, ಎರಡು ಕಡೆಗೂ ಅಂಟನ್ನು ದಪ್ಪನಾಗಿ ಬಳಿದು, ಮೊದಲಿಗಿಂತಲೂ ಬಿಗಿಯಾಗಿ ಕೂಡಿಸಿದನು. ಹದಿನೈದು ದಿನಗಳಲ್ಲಿ ಮತ್ತೆ ಸೋರಿತು. ಮೂರನೆಯ ಸಲ ತೊಟ್ಟಿಯನ್ನಿಳಿಸಿದಾಗ, ಏನು ತೋರಿತೋ, ಅದರ ಅಂಚಿನ ಮೇಲೆ ಉಕ್ಕಿನ ಅಡ್ಡಪಟ್ಟಿಯನ್ನಿಟ್ಟು ಬೆಳಕಿಗೆ ಹಿಡಿದನು. ಒಂದೊಂದು ತೂತಿನ ಸುತ್ತಲೂ ತಗಡು ಹಪ್ಪಳದ ಗುಳ್ಳೆಯಂತೆ ಮೇಲಕ್ಕೆದ್ದಿತ್ತು; ತೂತು ತೂತಿಗೂ ನಡುವೆ ಪಟ್ಟಿಯ ಕೆಳಗೆ ಬೆಳಕು ಕಾಣುತ್ತಿತ್ತು. ಬೋಲ್ಟಿದ್ದಲ್ಲಿ ಕಾರ್ಕು ನುಚ್ಚುನೂರಾಗಿತ್ತು. ಇಲ್ಲದಲ್ಲಿ ಅದಕ್ಕೆ ಒತ್ತಡವೇ ತಗುಲಿರಲಿಲ್ಲ. ಎಣ್ಣೆಯನ್ನು ಹೀರುವ ಕೊಳವೆಯ ಜಾಲರಿಯಲ್ಲಿ, ಒಳಕ್ಕೆ ಹಿಂಡಿಹೋಗಿದ್ದ ಅಂಟಿನ ಚೂರುಗಳು ಸಿಕ್ಕಿಕೊಂಡಿದ್ದುವು. ಆ ಜಾಲರಿ ಪೂರ್ತಿ ಕಟ್ಟಿದ್ದರೆ ಬೇರಿಂಗುಗಳಿಗೆ ಎಣ್ಣೆಯಿಲ್ಲದೆ ಎಂಜಿನ್ನೇ ಹೋಗುತ್ತಿತ್ತು.

ಇದೇ ವಂಶದ ಎಂಜಿನ್ನುಳ್ಳ ಎಂ.ಜಿ.ಬಿ. ಕಾರಿನ ಕೈಪಿಡಿಯಲ್ಲಿ ಈ ಬೋಲ್ಟುಗಳಿಗೆ ಹೇಳಿರುವ ಬಿಗಿ 6 ಪೌಂಡ್-ಅಡಿ. ಅಂದರೆ ಒಂದು ಅಡಿ ಉದ್ದದ ಹಿಡಿಯ ತುದಿಗೆ ಮೂರು ಕಿಲೋಗಿಂತಲೂ ಕಡಿಮೆ ತೂಕವನ್ನು ತೂಗುಹಾಕಿದಷ್ಟು. ಮಣಿಕಟ್ಟಿನ ಬಲವೇ ಸಾಕು. ಮೇಸ್ತ್ರಿಯ ತಪ್ಪು ಉದಾಸೀನದ್ದಲ್ಲ, ಹೆಚ್ಚಾದ ಕಾಳಜಿಯದು. ಹೀಗಿರುವಲ್ಲಿ ಅವನನ್ನು ದೋಷಿಯೆನ್ನಬಹುದೆ?

ಮನಸ್ಸು ಶುದ್ಧವಾಗಿತ್ತು, ಕೈಲಾದುದನ್ನು ಮಾಡಿದನು, ಆದುದರಿಂದ ನಿರ್ದೋಷಿಯೆಂದು ಕೆಲವರು ಹೇಳುವರು. ಇದಕ್ಕೆ ಉತ್ತರವು ಮೀಮಾಂಸೆಯಲ್ಲಿದೆ. ಜೈಮಿನಿಯ ಆರನೆಯ ಅಧ್ಯಾಯದ ನಿರ್ಣಯದಂತೆ, ಸಂಧ್ಯೆ ಅಗ್ನಿಹೋತ್ರಗಳಂಥ ನಿತ್ಯಕರ್ಮಗಳಲ್ಲಿ ಎಲ್ಲ ಅಂಗಗಳನ್ನೂ ನಡೆಸಲಾರದವನು ಶಕ್ತಿಯಿದ್ದಷ್ಟು ಮಾಡಿದರೆ ಸಲ್ಲುತ್ತದೆ. ಫಲವನ್ನು ಬಯಸಿ ಮಾಡುವ ಕಾಮ್ಯಕರ್ಮದಲ್ಲಿ ಈ ವಿನಾಯಿತಿಯಿಲ್ಲ. ಒಂದು ಅಂಗವು ತಪ್ಪಿದರೂ ಫಲವಿಲ್ಲ. ಮುದುಕನು ಕುಳಿತಲ್ಲಿಯೇ ಮಾಡಿದ ಸಂಧ್ಯೆಯು ಸಂಧ್ಯೆಯೇ. ಆದರೆ ಇನ್ನೊಬ್ಬನ ಕೂಲಿಯನ್ನು ತೆಗೆದುಕೊಂಡು ಮಾಡಿದ ರಿಪೇರಿಯು ಕಾಮ್ಯಕರ್ಮ. ಕಾಮನೆಯು ಗಾಡಿಯವನದು, ಕೈಯು ಮೇಸ್ತ್ರಿಯದು. ಕೈಲಾದಷ್ಟು ಮಾಡಿದೆನೆಂಬ ಮಾತು ಅಲ್ಲಿ ಸಲ್ಲದು.

ಆದರೂ ವೈಗುಣ್ಯವೆಂಬುದು ಪಾಪವಲ್ಲ. ಗೌತಮನು ಆರಿಸಿದ ಶಬ್ದವೇ ಅಂಥದು. ಅದು ಕೊರತೆಯನ್ನು ಹೇಳುತ್ತದೆ, ಕೊಳೆಯನ್ನಲ್ಲ. ಅಡ್ಡಪಟ್ಟಿಯನ್ನು ಇಡುವವರೆಗೂ ಮೇಸ್ತ್ರಿಯಲ್ಲಿ ಇದ್ದುದು ಕೊರತೆ. ಇಟ್ಟ ಕ್ಷಣದಿಂದ ಸ್ಥಿತಿಯು ಬೇರೆಯಾಯಿತು. ಈಗ ಅವನು ಗಾಡಿಯವನಿಗೆ, ಈ ಸಲ ಒಳ್ಳೆಯ ಪ್ಯಾಕಿಂಗು ಸಿಕ್ಕಿತೆಂದು ಹೇಳಬಹುದು. ಅದೇ ಮಾತನ್ನು ಮೊದಲೆರಡು ಸಲ ನಂಬಿ ಹೇಳಿದ್ದನು. ಇನ್ನು ಹೇಳಿದರೆ ಅದು ಕಪಟ. ಪತ್ತೆಹಚ್ಚತಕ್ಕವರು ಯಾರೂ ಇಲ್ಲ. ತೊಟ್ಟಿಯ ಒಳಮೈಯನ್ನು ಗಾಡಿಯವನು ಎಂದಿಗೂ ನೋಡಲಾರನು. ನಿಜ ಹೇಳಿದರೆ ಅವನು ಬೇರೆ ಶೆಡ್ಡಿಗೆ ಹೋಗಬಹುದು; ಅಲ್ಲಿ ಎಂದೂ ತಪ್ಪನ್ನೊಪ್ಪದ ಮೇಸ್ತ್ರಿಯು ದೊರೆಯುವನು. ಹೆಂಡಿರು ಮಕ್ಕಳುಳ್ಳವನಿಗೆ ಇದು ಚಿಕ್ಕ ಭಯವಲ್ಲ. ತಪ್ಪೊಪ್ಪಿಕೊಂಡವನನ್ನು ಬಿಟ್ಟು ತಪ್ಪನ್ನು ಮುಚ್ಚಿದವನಲ್ಲಿಗೆ ಹೋಗುವ ಗಿರಾಕಿಗೂ ಆ ಕಪಟದಲ್ಲಿ ಪಾಲಿದೆ. ಹುಳಿ ಕೆಟ್ಟಿತೆಂದು ಒಪ್ಪಿದ ಸೊಸೆಯನ್ನು ಬೈದು, ಬೇಳೆಯ ಮೇಲೆ ಹಾಕಿದವಳನ್ನು ಸುಮ್ಮನೆ ಬಿಡುವ ಮನೆಗಳಲ್ಲಿ ಬೇಳೆಯು ಸದಾ ಹಳೆಯದಾಗಿಯೇ ಇರುತ್ತದೆ.

ಇನ್ನು ಹಣದ ಮಾತು. ಮೊದಲನೆಯ ಪ್ಯಾಕಿಂಗು ಹೇಗೂ ಬದಲಾಗಬೇಕಾಗಿತ್ತು. ಅದರ ಬೆಲೆ ಗಾಡಿಯವನದೇ. ಅದರ ಕೂಲಿಯು, ಮೂರನೆಯ ಸಲ ಕೆಲಸವು ಕೈಗೂಡಿದರೆ, ಅದಕ್ಕೆ ಸಂದಂತೆ. ಎರಡನೆಯ ಸಲದ ಪ್ಯಾಕಿಂಗು, ಅಂಟು, ಕೂಲಿ, ಇವನ್ನು ಮೇಸ್ತ್ರಿಯು ಹಿಂದಕ್ಕೆ ಕೊಡಬೇಕು. ಮೂರನೆಯ ಸಲದ ಸಾಮಾನನ್ನೂ ತಾನೇ ಹಾಕಬೇಕು. ಜಾಲರಿಯನ್ನು ತೊಳೆದು, ತೊಟ್ಟಿಯ ಅಂಚನ್ನು ಮರದ ದಿಮ್ಮಿಯ ಮೇಲಿಟ್ಟು, ಎದ್ದ ತೂತುಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ತಟ್ಟಿ ಸಮಮಾಡಿ, ಅಡ್ಡಪಟ್ಟಿಯಿಟ್ಟು ನೋಡಿ, ನಡುವಿನಿಂದ ಹೊರಕ್ಕೆ ಎರಡು ಮೂರು ಸುತ್ತಿನಲ್ಲಿ, ಕಾರ್ಕು ತುಸುವೇ ಉಬ್ಬುವಷ್ಟು ಬಿಗಿಯಬೇಕು. ಆ ತಟ್ಟುವ ಹೊತ್ತಿನ ಕೂಲಿಯನ್ನು ಅವನು ಕೇಳತಕ್ಕದ್ದಲ್ಲ.